ಸುಮತಿಯ ಪಾತ್ರಕ್ಕೆ ಯಾರಂತೆ? ಅಂತೆಕಂತೆಗಳನ್ನು ತೂಗುವ ಮುನ್ನ

ಕೋಲಾರ ಜಿಲ್ಲೆಯಲ್ಲಿ ಸಿನಿಮಾ ಸುದ್ದಿ ಮೂರು ಭಾಷೆಗಳಲ್ಲಿ ಬರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮನೆಗಳಲ್ಲಿ ಅದು ತೆಲುಗಿನ ‘ವಸ್ತುಂದಂಟ’, ಕೆಜಿಎಫ್‌ನ ಬೀದಿಗಳಲ್ಲಿ ತಮಿಳಿನ ‘ವರ್ರಾಂಗಳಾಂ’, ಕೋಲಾರದ ಬಸ್ ನಿಲ್ದಾಣದ ಚಹಾ ಅಂಗಡಿಯ ಮುಂದೆ ಕನ್ನಡದ ‘ಬರ್ತಾಳಂತೆ’. ಮೂರೂ ಭಾಷೆಗಳಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುವ ಆ ಪುಟ್ಟ ಪ್ರತ್ಯಯ ಮಾಡುವ ಕೆಲಸ ಒಂದೇ: ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂದು ಹೇಳಿ ಆಡಿದವನ ಹೊಣೆಯನ್ನು ಇಳಿಸುವುದು. ಅದೇ ಸುದ್ದಿ ಯೂಟ್ಯೂಬ್ ಚಾನೆಲ್ಲಿನ ಮುಖಚಿತ್ರಕ್ಕೆ ಏರಿದ ಕೂಡಲೇ ಬಾಲ ಉದುರಿಹೋಗಿ, ಆ ಜಾಗದಲ್ಲಿ ‘ಫಿಕ್ಸ್’ ಎಂಬ ಪದ ದಪ್ಪ ಅಕ್ಷರಗಳಲ್ಲಿ ಕುಳಿತುಬಿಡುತ್ತದೆ. ‘ಕಲ್ಕಿ 2898 ಎಡಿ’ ಚಿತ್ರದ ಎರಡನೆಯ ಭಾಗದಲ್ಲಿ, ಮೊದಲ ಭಾಗದ ಸುಮತಿಯಾಗಿದ್ದ ದೀಪಿಕಾ ಪಡುಕೋಣೆ ಅವರ ಜಾಗಕ್ಕೆ ಯಾರು ಬರುತ್ತಾರೆ ಎಂಬ ವಿಷಯದಲ್ಲಿ ಇಂತಹ ‘ಫಿಕ್ಸ್’ಗಳು ಎಷ್ಟಾದವೆಂದರೆ, ಒಂದೇ ಪಾತ್ರಕ್ಕೆ ನಾಲ್ಕೈದು ನಟಿಯರು ಏಕಕಾಲಕ್ಕೆ ಖಚಿತಗೊಂಡ ವಿಚಿತ್ರ ಪರಿಸ್ಥಿತಿ ಉಂಟಾಯಿತು.

ಮೊದಲು ದಾಖಲೆಯಲ್ಲಿರುವ ಸಂಗತಿಗಳನ್ನು ನೋಡೋಣ. ನಾಗ್ ಅಶ್ವಿನ್ ನಿರ್ದೇಶನದ, ವೈಜಯಂತಿ ಮೂವೀಸ್ ನಿರ್ಮಾಣದ ಮೊದಲ ಭಾಗ 2024ರ ಜೂನ್ 27ರಂದು ಬಿಡುಗಡೆಯಾಯಿತು. ಪ್ರಭಾಸ್, ಅಮಿತಾಭ್ ಬಚ್ಚನ್, ಕಮಲ್ ಹಾಸನ್, ದೀಪಿಕಾ ಮುಖ್ಯ ಪಾತ್ರಗಳಲ್ಲಿದ್ದ ಆ ಚಿತ್ರಕ್ಕೆ ಸುಮಾರು 600 ಕೋಟಿ ರೂಪಾಯಿ ವೆಚ್ಚವಾಗಿದೆ ಎಂಬ ವರದಿಗಳಿದ್ದವು. ಗಳಿಕೆ ಜಗತ್ತಿನಾದ್ಯಂತ 1000 ಕೋಟಿಯನ್ನು ದಾಟಿತು. 2025ರ ಸೆಪ್ಟೆಂಬರ್ 18ರಂದು ನಿರ್ಮಾಣ ಸಂಸ್ಥೆಯೇ ಒಂದು ಹೇಳಿಕೆ ಹೊರಡಿಸಿ, ಮುಂದಿನ ಭಾಗದಲ್ಲಿ ದೀಪಿಕಾ ಇರುವುದಿಲ್ಲವೆಂದು ತಿಳಿಸಿತು. ಗಾಳಿಸುದ್ದಿಗಳ ಋತು ಆರಂಭವಾದದ್ದು ಅಲ್ಲಿಂದ. ಆಲಿಯಾ ಭಟ್, ಅನುಷ್ಕಾ ಶೆಟ್ಟಿ, ಪ್ರಿಯಾಂಕಾ ಚೋಪ್ರಾ, ಸಾಯಿ ಪಲ್ಲವಿ ಹೀಗೆ ಒಂದರ ಹಿಂದೊಂದು ಹೆಸರು ತೇಲಿಬಂದವು. ಕನ್ನಡದ ಅಭಿಮಾನಿಗಳು ತಮ್ಮ ಪಾಲಿಗೆ ರುಕ್ಮಿಣಿ ವಸಂತ್ ಅವರ ಹೆಸರನ್ನೂ ಸೇರಿಸಿಕೊಂಡದ್ದುಂಟು. ಅದು ಸುದ್ದಿಗಿಂತ ಹೆಚ್ಚಾಗಿ ಹಾರೈಕೆ.

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನಿಂತವರಿಗೆ ಒಂದು ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಹದಿನೈದು ಕಿಲೋ ಬಾಕ್ಸಿಗೆ ಇಂದು ಇಷ್ಟು ದರ ಎಂದು ಗೇಟಿನ ಬಳಿ ಕೇಳಿಬರುವ ಮಾತು ಬೇರೆ, ಹರಾಜು ಮುಗಿದ ಮೇಲೆ ಮಂಡಿಯವರು ಬರೆದುಕೊಡುವ ಚೀಟಿಯ ದರ ಬೇರೆ. ಗೇಟಿನ ಮಾತು ಪೂರ್ತಿ ಸುಳ್ಳೇನಲ್ಲ, ಯಾರೋ ಒಬ್ಬರ ಒಳ್ಳೆಯ ಮಾಲಿಗೆ ಆ ದರ ಸಿಕ್ಕಿರಲೂಬಹುದು. ಆದರೆ ನಮ್ಮ ಮಾಲು ಎಂಥದು, ಕೊಳ್ಳುವವನಿಗೆ ಬೇಕಾದದ್ದು ಏನು ಎಂಬುದನ್ನು ನೋಡದೆ ಆ ದರವನ್ನು ನಂಬಿಕೊಂಡವನು ಕೆಡುತ್ತಾನೆ. ನಟಿಯರ ಹೆಸರುಗಳನ್ನು ತೂಗುವಾಗಲೂ ಕೊಳ್ಳುವವನಿಗೆ, ಅಂದರೆ ನಿರ್ಮಾಪಕರಿಗೆ, ಬೇಕಾದದ್ದು ಏನು ಎಂಬ ಪ್ರಶ್ನೆಯಿಂದಲೇ ಹೊರಡಬೇಕು. ಈ ಪ್ರಶ್ನೆಗೆ ಉತ್ತರ ಅವರದೇ ಹೇಳಿಕೆಯಲ್ಲಿದೆ. ಮೊದಲ ಚಿತ್ರದ ದೀರ್ಘ ಪಯಣದ ನಂತರವೂ ಸಹಭಾಗಿತ್ವ ಕೂಡಿಬರಲಿಲ್ಲ, ಇಂತಹ ಚಿತ್ರಕ್ಕೆ ಬದ್ಧತೆಯೂ ಅದಕ್ಕಿಂತ ಹೆಚ್ಚಿನದೂ ಸಲ್ಲಬೇಕು ಎಂಬ ಅರ್ಥದ ಮಾತು ಅದರಲ್ಲಿತ್ತು. ಸಂಭಾವನೆಯ ಪ್ರಸ್ತಾಪವಾಗಲಿ, ಕೆಲಸದ ಗಂಟೆಗಳ ಲೆಕ್ಕವಾಗಲಿ ಅಲ್ಲಿರಲಿಲ್ಲ. ಅವೆಲ್ಲ ಆಮೇಲೆ ಬೇರೆಯವರು ಸೇರಿಸಿದವು. ಹೇಳಿಕೆಯನ್ನು ಚಿತ್ರರಂಗದ ಆಡುಮಾತಿಗೆ ಇಳಿಸಿದರೆ ಉಳಿಯುವುದು ಒಂದೇ ಪದ, ಕಾಲ್‌ಶೀಟ್, ಅಂದರೆ ಚಿತ್ರೀಕರಣಕ್ಕೆ ನಟರು ಕೊಡುವ ದಿನಗಳು.

ಹಾಗಾದರೆ ಗಾಳಿಸುದ್ದಿಯ ಪಟ್ಟಿಯಲ್ಲಿ ಒಂದು ವಿರೋಧಾಭಾಸ ಎದ್ದು ಕಾಣುತ್ತದೆ. ದಿನಗಳು ಹೊಂದದೆ ತೆರವಾದ ಸ್ಥಾನಕ್ಕೆ, ದೇಶದಲ್ಲೇ ಅತ್ಯಂತ ಕಡಿಮೆ ದಿನಗಳು ಕೈಯಲ್ಲಿರುವ ನಟಿಯರ ಹೆಸರುಗಳನ್ನೇ ತೇಲಿಬಿಡಲಾಗಿದೆ. ಮೊದಲ ಭಾಗದ ಚಿತ್ರೀಕರಣ 2021ರ ಜುಲೈಯಲ್ಲಿ ಆರಂಭವಾಗಿ, ಚಿತ್ರ ತೆರೆಗೆ ಬರುವ ಹೊತ್ತಿಗೆ ಸುಮಾರು ಮೂರು ವರ್ಷ ಕಳೆದಿದ್ದವು. ಅಮಿತಾಭ್, ಕಮಲ್, ಪ್ರಭಾಸ್ ಮೂವರ ದಿನಗಳೂ ಒಂದೆಡೆ ಕೂಡಿದಾಗ ಮಾತ್ರ ತೆಗೆಯಬಹುದಾದ ದೃಶ್ಯಗಳಿರುವ ಚಿತ್ರ ಇದು. ಪ್ರಭಾಸ್ ಅವರೊಬ್ಬರ ಕೈಯಲ್ಲೇ ‘ಫೌಜಿ’, ‘ಸ್ಪಿರಿಟ್’, ‘ಸಲಾರ್’ನ ಮುಂದಿನ ಭಾಗ ಮುಂತಾದ ಒಪ್ಪಂದಗಳ ಸಾಲೇ ಇದೆ. ನಾಯಕನ ದಿನ ಬದಲಾದಾಗಲೆಲ್ಲ ತನ್ನ ದಿನವನ್ನೂ ಬದಲಿಸಿಕೊಡಬಲ್ಲ ನಟಿ ಇಲ್ಲಿ ಬೇಕು. ಈ ಬೇಡಿಕೆ ನ್ಯಾಯವಾದದ್ದೇ ಎಂಬುದು ಬೇರೆ ಚರ್ಚೆ. ಮೊದಲ ಭಾಗ ಬಿಡುಗಡೆಯಾದಾಗ ದೀಪಿಕಾ ಸ್ವತಃ ಗರ್ಭಿಣಿಯಾಗಿದ್ದರು, ಅದೇ 2024ರ ಸೆಪ್ಟೆಂಬರ್‌ನಲ್ಲಿ ಅವರಿಗೆ ಮಗಳು ಹುಟ್ಟಿದಳು. ಹಲವು ನಾಯಕನಟರು ವರ್ಷಗಳಿಂದ ದಿನಕ್ಕೆ ಎಂಟು ಗಂಟೆಯಷ್ಟೇ ಕೆಲಸ ಮಾಡುತ್ತಿದ್ದರೂ ಅದು ಎಂದೂ ಸುದ್ದಿಯಾಗಲಿಲ್ಲ ಎಂದು ಅವರು ಆಮೇಲೆ ಆಡಿದ ಮಾತಿನಲ್ಲಿ ತಳ್ಳಿಹಾಕುವಂಥದ್ದು ಏನೂ ಇಲ್ಲ. ನ್ಯಾಯ ಯಾರ ಕಡೆಗಿದ್ದರೂ ನಿರ್ಮಾಪಕರ ಅಗತ್ಯ ಏನೆಂಬುದು ಸ್ಪಷ್ಟ. ಆ ಅಗತ್ಯವನ್ನು ಮರೆತು ಹೆಸರುಗಳನ್ನು ತೂಗುವುದು ತಕ್ಕಡಿಯ ಒಂದು ತಟ್ಟೆಯನ್ನು ಕಿತ್ತಿಟ್ಟು ತೂಗಿದಂತೆ.

ಎರಡನೆಯ ಪ್ರಶ್ನೆ ಪಾತ್ರದ್ದು. ಸೂಪರ್‌ಹೀರೋ ಚಿತ್ರಗಳಲ್ಲಿ ನಾಯಕಿಯ ಪಾತ್ರ ಬಹುಮಟ್ಟಿಗೆ ಬದಲಿಸಬಹುದಾದ ಪಾತ್ರ. ಮೊದಲ ಭಾಗದಲ್ಲಿ ದಿಶಾ ಪಟಾನಿ ವಹಿಸಿದ ರಾಕ್ಸಿಯ ಪಾತ್ರ ಮುಂದಿನ ಭಾಗದಲ್ಲಿ ಇರುತ್ತದೆಯೇ ಎಂದು ಕೇಳಿದ ಒಬ್ಬರನ್ನೂ ನಾನು ಕಾಣೆ. ಸುಮತಿಯ ಪಾತ್ರ ಹಾಗಲ್ಲ. ಕುರುಕ್ಷೇತ್ರದ ಕೊನೆಯಲ್ಲಿ ಉತ್ತರೆಯ ಗರ್ಭದಲ್ಲಿದ್ದ ಶಿಶುವಿನ ಮೇಲೆ ಅಸ್ತ್ರ ಬಿಟ್ಟ ಅಶ್ವತ್ಥಾಮ ಶಾಪಕ್ಕೆ ಗುರಿಯಾಗುವುದರೊಂದಿಗೆ ಚಿತ್ರ ತೆರೆದುಕೊಳ್ಳುತ್ತದೆ. ಸಾವಿರಾರು ವರ್ಷ ಅಲೆದ ಆತನಿಗೆ ವಿಮೋಚನೆ ಸಿಗಬೇಕಾದದ್ದು ಕಲ್ಕಿಯನ್ನು ಹೊತ್ತ ಇನ್ನೊಂದು ಗರ್ಭವನ್ನು, ಸುಮತಿಯದನ್ನು, ಕಾಯುವುದರಿಂದ. ಪ್ರಯೋಗಶಾಲೆಯಲ್ಲಿ ಎಸ್‌ಯುಎಂ-80 ಎಂಬ ಸಂಖ್ಯೆಯಾಗಿದ್ದ ಹೆಣ್ಣಿಗೆ ಸುಮತಿ ಎಂಬ ಹೆಸರು ದಕ್ಕುವುದು, ಬೆಂಕಿಯ ನಡುವಿನಿಂದ ಆಕೆ ನಡೆದುಬರುವುದು, ಕೊನೆಗೆ ಪ್ರಭಾಸ್ ವಹಿಸಿದ ಭೈರವ ಆಕೆಯನ್ನೇ ಹೊತ್ತೊಯ್ಯುವುದು, ಇವೆಲ್ಲ ಒಂದೇ ಅಚ್ಚಿನ ಸುತ್ತ ತಿರುಗುತ್ತವೆ. ಹೋರಾಟ, ವಾಹನ, ಆಯುಧಗಳೆಲ್ಲ ನಾಯಕರ ಕೈಯಲ್ಲಿದ್ದರೂ ಕಥೆಯ ಭಾರ ಆಕೆಯ ಒಡಲಿನಲ್ಲಿದೆ. ಆದ್ದರಿಂದ ಆ ಪಾತ್ರವನ್ನು ಕೈಬಿಡುವಂತಿಲ್ಲ, ಕುಗ್ಗಿಸಿದರೂ ಕಥೆ ಕುಂಟುತ್ತದೆ. ಇಷ್ಟಾಗಿಯೂ ಮೊದಲ ಭಾಗದಲ್ಲಿ ಸುಮತಿಗೆ ಮಾತು ಕಡಿಮೆ, ಸ್ವಂತ ನಿರ್ಧಾರಗಳು ಇನ್ನೂ ಕಡಿಮೆ ಎಂಬುದನ್ನು ಒಪ್ಪಬೇಕು. ನಾನಂತೂ ಆ ಚಿತ್ರದ ಮುಖ್ಯ ದೋಷವೆಂದು ಎಣಿಸುವುದು ಅದನ್ನೇ. ಎರಡನೆಯ ಭಾಗದಲ್ಲಿ ಆಕೆ ಇನ್ನೂ ಹೊತ್ತುಕೊಂಡು ಹೋಗುವ ನಿಧಿಯಾಗಿಯೇ ಉಳಿಯುತ್ತಾಳೆಯೇ, ಅಥವಾ ತನ್ನ ಮಗುವಿನ ಪರವಾಗಿ ತಾನೇ ನಿಲ್ಲುತ್ತಾಳೆಯೇ ಎಂಬುದರ ಮೇಲೆ ಯಾವ ನಟಿ ಬೇಕೆಂಬುದು ನಿಂತಿದೆ.

ಈ ಎರಡು ಅಳತೆಗಳನ್ನು ಹಿಡಿದು ಹೆಸರುಗಳ ಕಡೆಗೆ ಬಂದರೆ, ತೆಲುಗು ಪ್ರೇಕ್ಷಕರ ಮನಸ್ಸಿಗೆ ಹತ್ತಿರವಾದವರು ಅನುಷ್ಕಾ ಶೆಟ್ಟಿ. ಮಂಗಳೂರು ಮೂಲದ ಅವರಿಗೆ ‘ಅರುಂಧತಿ’, ‘ರುದ್ರಮದೇವಿ’ಯಂತಹ ಚಿತ್ರಗಳನ್ನು ಒಬ್ಬರೇ ಹೊತ್ತ ಅನುಭವವಿದೆ. ಅದಕ್ಕಿಂತ ಮುಖ್ಯವಾಗಿ, 2015ರ ‘ಬಾಹುಬಲಿ’ಯಲ್ಲಿ ಸರಪಳಿಗೆ ಸಿಕ್ಕಿ, ಮಗನಿಗಾಗಿ ಇಪ್ಪತ್ತೈದು ವರ್ಷ ಕಾದು ಕೂತ ದೇವಸೇನೆಯನ್ನು ಅವರು ನಿಭಾಯಿಸಿದ ರೀತಿ ಸುಮತಿಗೆ ಬೇಕಾದದ್ದಕ್ಕೆ ತೀರ ಹತ್ತಿರದ್ದು. ತೊಂದರೆ ಇರುವುದೂ ಅಲ್ಲಿಯೇ. ಪ್ರಭಾಸ್ ಮತ್ತು ಅನುಷ್ಕಾ ಒಂದೇ ಚೌಕಟ್ಟಿನಲ್ಲಿ ಕಂಡ ಕ್ಷಣ ಮುಳಬಾಗಿಲಿನ ಚಿತ್ರಮಂದಿರದಲ್ಲಿ ಬೀಳುವ ಶಿಳ್ಳೆ ಭೈರವ-ಸುಮತಿಯರಿಗೆ ಬೀಳುವ ಶಿಳ್ಳೆಯಾಗಿರುವುದಿಲ್ಲ. ಅದು ಅಮರೇಂದ್ರ ಬಾಹುಬಲಿ-ದೇವಸೇನೆಯರಿಗೆ ಬೀಳುವಂಥದ್ದು. ಭೈರವನಿಗೂ ಸುಮತಿಗೂ ಇರುವ ಸಂಬಂಧ ಪ್ರಣಯದ್ದಲ್ಲ, ಬಹುಮಾನದ ಆಸೆಗೆ ಹಿಡಿದೊಯ್ಯುವವನಿಗೂ ಸೆರೆಯಾದವಳಿಗೂ ನಡುವಿನದ್ದು. ಹಳೆಯ ಜೋಡಿಯ ನೆನಪು ಆ ಕಾಠಿಣ್ಯವನ್ನು ಕರಗಿಸಿಬಿಟ್ಟರೆ ಕಥೆಗೆ ನಷ್ಟ, ಟಿಕೆಟ್ ಕಿಟಕಿಗೆ ಲಾಭ. ನಿರ್ಮಾಪಕರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ ಎನ್ನುವವರಿದ್ದಾರೆ. ನನಗೆ ಅಷ್ಟು ನಿರಾಶೆಯಿಲ್ಲ. ಮೊದಲ ಭಾಗದಲ್ಲಿ ಆಕೆಯನ್ನೂ ಭೈರವನನ್ನೂ ಬಹುಹೊತ್ತು ಬೇರೆಬೇರೆಯಾಗಿಯೇ ಇಟ್ಟ ನಿರ್ದೇಶಕ ಇವರು.

ಆಲಿಯಾ ಭಟ್ ಮತ್ತು ಪ್ರಿಯಾಂಕಾ ಚೋಪ್ರಾ ಅವರ ಹೆಸರುಗಳ ಹಿಂದಿರುವ ತರ್ಕ ಬಹುಮಟ್ಟಿಗೆ ಹಿಂದಿ ಮಾರುಕಟ್ಟೆಯದು. ದೀಪಿಕಾ ಅವರೊಂದಿಗೆ ಹೋದ ಉತ್ತರ ಭಾರತದ ಆಕರ್ಷಣೆಯನ್ನು ಅಷ್ಟೇ ತೂಕದ ಹೆಸರಿನಿಂದ ತುಂಬಬೇಕೆಂಬ ಎಣಿಕೆ. ಪ್ರಿಯಾಂಕಾ ಈಗಾಗಲೇ ರಾಜಮೌಳಿ ಅವರ ‘ವಾರಾಣಸಿ’ಯಲ್ಲಿ ಮಹೇಶ್ ಬಾಬು ಜೊತೆ ಮಂದಾಕಿನಿಯ ಪಾತ್ರ ವಹಿಸಿದ್ದಾರೆ. ಒಂದೇ ನಟಿ ಹೈದರಾಬಾದಿನ ಎರಡು ಮಹಾಗಾತ್ರದ ಕಲ್ಪನಾಲೋಕಗಳಲ್ಲಿ ಸ್ವಲ್ಪವೇ ಅಂತರದಲ್ಲಿ ಕಾಣಿಸಿಕೊಳ್ಳುವುದು ಎರಡೂ ಚಿತ್ರಗಳಿಗೆ ಒಳ್ಳೆಯದಲ್ಲ. ಜೊತೆಗೆ ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಕೆಲಸಗಳನ್ನೂ ನಡೆಸುವವರಿಂದ ನಾಯಕನ ದಿನಕ್ಕೆ ತಕ್ಕಂತೆ ಬಾಗುವ ಕಾಲ್‌ಶೀಟ್ ನಿರೀಕ್ಷಿಸುವುದು ವ್ಯವಹಾರವಲ್ಲ. ಆಲಿಯಾ ‘ಆರ್‌ಆರ್‌ಆರ್’ನಲ್ಲಿ ಸೀತೆಯಾಗಿ ಬಂದಾಗ ನಟನೆ ಹಿಡಿಸಿದರೂ ಪಾತ್ರ ಬಹಳ ಚಿಕ್ಕದಾಗಿತ್ತು. ಅಂಥ ಇನ್ನೊಂದು ಅತಿಥಿಪ್ರಾಯದ ಪಾತ್ರಕ್ಕೆ ಅವರು ಮತ್ತೆ ಒಪ್ಪಬೇಕಾದರೆ ಸುಮತಿಯನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ನಟನೆಯೊಂದನ್ನೇ ನೋಡಿದರೆ ಈ ನಾಲ್ವರಲ್ಲಿ ನನ್ನ ಮೊದಲ ಆಯ್ಕೆ ಸಾಯಿ ಪಲ್ಲವಿ. ಮಾತಿಲ್ಲದೆ ಮುಖದಲ್ಲೇ ಭಯ, ಹಠ, ತಾಯ್ತನಗಳನ್ನು ಒಂದಾದ ಮೇಲೊಂದು ತರಬಲ್ಲವರು, 2017ರ ‘ಫಿದಾ’ದಿಂದಲೇ ತೆಲುಗಿನಲ್ಲಿ ತಮ್ಮ ಪಾತ್ರಕ್ಕೆ ತಾವೇ ದನಿ ಕೊಟ್ಟವರು. ಬೇರೆಯವರ ದನಿಯಲ್ಲಿ ಮಾತಾಡುವ ನಾಯಕಿಯರನ್ನು ಎರಡು ತಲೆಮಾರು ಕಂಡ ಗಡಿನಾಡಿನ ಪ್ರೇಕ್ಷಕರಿಗೆ ಇದು ಸಣ್ಣ ವಿಷಯವಲ್ಲ. (ನೀಲಗಿರಿಯ ಬಡಗ ಮನೆತನದ ಅವರ ತಾಯ್ನುಡಿ ಕನ್ನಡದ ನೆಂಟಭಾಷೆ ಎಂಬುದನ್ನು ನಮ್ಮವರು ಅಭಿಮಾನದಿಂದ ನೆನೆಯುವುದುಂಟು, ಪಾತ್ರ ಹಂಚಿಕೆಗೆ ಅದರಿಂದ ಆಗುವುದೇನೂ ಇಲ್ಲ.) ಆದರೆ ರಣಬೀರ್ ಕಪೂರ್ ರಾಮನಾಗಿ, ನಮ್ಮ ಯಶ್ ರಾವಣನಾಗಿ ನಟಿಸುವ ‘ರಾಮಾಯಣ’ದಲ್ಲಿ ಅವರು ಸೀತೆ. ಅದರ ಮೊದಲ ಭಾಗ 2026ರ ದೀಪಾವಳಿಗೆ, ಎರಡನೆಯದು 2027ರ ದೀಪಾವಳಿಗೆ ಎಂದು ಘೋಷಿತವಾಗಿವೆ. ಸೀತೆಯಾಗಿ ಜನರ ಮನಸ್ಸಿನಲ್ಲಿ ನಿಲ್ಲಬೇಕಾದ ಹೊತ್ತಿನಲ್ಲೇ ಕಲ್ಕಿಯ ತಾಯಿಯೂ ಆದರೆ ಎರಡೂ ಮುಖಗಳು ಒಂದರೊಳಗೊಂದು ಬೆರೆತುಹೋಗುವ ಅಪಾಯವಿದೆ. ಪುರಾಣದ ಪಾತ್ರಗಳಿಗೆ ಒಮ್ಮೆ ಅಂಟಿದ ಮುಖ ಬೇಗ ಬಿಡುವುದಿಲ್ಲ. ರುಕ್ಮಿಣಿ ವಸಂತ್ ಅವರ ವಿಷಯವೂ ಬೇರೆಯಲ್ಲ. 2025ರ ‘ಕಾಂತಾರ: ಚಾಪ್ಟರ್ 1’ರ ಕನಕವತಿಯ ಮುಖವನ್ನು ಜನ ಇನ್ನೂ ಮರೆತಿಲ್ಲ.

ಹೀಗಾಗಿ ತಾರಾಮೌಲ್ಯದ ಹಾದಿಯನ್ನೇ ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸುವುದು ಒಳ್ಳೆಯದು. ‘ಲೋಕಾ: ಚಾಪ್ಟರ್ 1 ಚಂದ್ರ’ ಎಂಬ ಮಲಯಾಳಂ ಚಿತ್ರ 2025ರ ಆಗಸ್ಟ್‌ನಲ್ಲಿ ಬಂದಾಗ ಅದರ ನಾಯಕಿ ಕಲ್ಯಾಣಿ ಪ್ರಿಯದರ್ಶನ್ ಅವರ ಹೆಸರಿನ ಮೇಲೆ ಕೋಲಾರದಲ್ಲಿ ಯಾರೂ ಟಿಕೆಟ್ ಕೊಳ್ಳುವ ಸ್ಥಿತಿಯಿರಲಿಲ್ಲ. ಬೆಂಗಳೂರಿನಲ್ಲಿ ನಡೆಯುವ ಕಥೆ, ಕೇರಳದ ಕಳ್ಳಿಯಂಕಾಟ್ಟು ನೀಲಿಯ ಐತಿಹ್ಯ, ಆ ಎರಡನ್ನೂ ಹೊಂದಿಸಿದ ಬರವಣಿಗೆ, ಇವುಗಳ ಬಲದ ಮೇಲೆ, ಸುಮಾರು 30 ಕೋಟಿ ವೆಚ್ಚದ್ದೆಂದು ವರದಿಯಾದ ಆ ಚಿತ್ರ 300 ಕೋಟಿ ಗಳಿಕೆಯನ್ನು ಮುಟ್ಟಿತು. ಅತಿಮಾನುಷ ಶಕ್ತಿಯ ಹೆಣ್ಣನ್ನು ಜನ ನೋಡಲು ಬಂದರು, ನಟಿ ಆಮೇಲೆ ತಾರೆಯಾದರು. ‘ಕಲ್ಕಿ’ಯ ಮೊದಲ ಭಾಗದಲ್ಲೇ ತೆಲುಗಿಗೆ ಹೊಸಬರಾದ ಅನ್ನಾ ಬೆನ್ ಕೈರಾ ಎಂಬ ಪುಟ್ಟ ಪಾತ್ರದಲ್ಲಿ ಬಂದು, ದೊಡ್ಡ ಹೆಸರುಗಳ ನಡುವೆಯೂ ನೆನಪಿನಲ್ಲಿ ಉಳಿದುಕೊಂಡದ್ದನ್ನು ಇದರ ಪಕ್ಕಕ್ಕೆ ಇಟ್ಟು ನೋಡಬೇಕು. ನೆನಪುಗಳ ಹೊರೆಯಿಲ್ಲದ, ಒಂದೂವರೆ ವರ್ಷ ಬೇರೆ ಒಪ್ಪಂದವಿಲ್ಲದೆ ದುಡಿಯಬಲ್ಲ ನಟಿಯೊಬ್ಬರು ಪಟ್ಟಿಯಲ್ಲಿರುವ ಯಾರಿಗಿಂತಲೂ ಈ ಚಿತ್ರಕ್ಕೆ ಹೆಚ್ಚು ಹೊಂದುತ್ತಾರೆ ಎಂಬುದು ನನ್ನ ಅಭಿಪ್ರಾಯ. ಅಂಥ ಹೆಸರು ಗಾಳಿಸುದ್ದಿಯಲ್ಲಿ ಬರಲಾರದು, ಏಕೆಂದರೆ ಆ ಹೆಸರಿನ ಮುಖಚಿತ್ರವನ್ನು ಯಾರೂ ಒತ್ತುವುದಿಲ್ಲ. ಹೆಸರು ತೇಲಿದರೆ ಚಾನೆಲ್ಲಿಗೆ ವೀಕ್ಷಕರು ಸಿಗುತ್ತಾರೆ, ನಟಿಯ ಕಡೆಯವರಿಗೆ ಬೇಡಿಕೆಯ ತೋರಿಕೆ ಸಿಗುತ್ತದೆ, ನಿರ್ಮಾಪಕರಿಗೆ ಕಾಸಿಲ್ಲದೆ ಪ್ರಚಾರ ಸಿಗುತ್ತದೆ. ಯಾರಿಗೂ ನಷ್ಟವಿಲ್ಲದ ಈ ವ್ಯಾಪಾರದಲ್ಲಿ ಅಲ್ಲಗಳೆಯುವ ತುರ್ತು ಯಾರಿಗಿದ್ದೀತು?

ಒಳಗಿರುವವರಿಗೂ ಎಲ್ಲವೂ ಗೊತ್ತಿರುತ್ತದೆ ಎಂದೇನಿಲ್ಲ. ಬ್ಯಾಟ್‌ಮನ್ ಸರಣಿಯ ‘ದಿ ಡಾರ್ಕ್ ನೈಟ್ ರೈಸಸ್’ ಚಿತ್ರಕ್ಕಾಗಿ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರನ್ನು ಕಾಣಲು ಹೋದ ಆ್ಯನ್ ಹ್ಯಾಥ್‌ವೇ, ತಮ್ಮನ್ನು ಹಾರ್ಲೆ ಕ್ವಿನ್ ಪಾತ್ರಕ್ಕೆ ನೋಡುತ್ತಿದ್ದಾರೆಂದು ಭಾವಿಸಿ ಅದಕ್ಕೆ ತಕ್ಕ ಉಡುಗೆಯಲ್ಲಿ, ಅದಕ್ಕೆ ತಕ್ಕ ನಗೆಯಲ್ಲಿ ಕುಳಿತಿದ್ದರಂತೆ; ಮಾತಿನ ನಡುವೆ ತಿಳಿದದ್ದು, ಪಾತ್ರ ಕ್ಯಾಟ್‌ವುಮನ್‌ನದು ಎಂದು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಪರೀಕ್ಷೆಗೆ ಕುಳಿತ ನಟಿಗೇ ಪಾತ್ರ ಗೊತ್ತಿಲ್ಲದಿದ್ದಾಗ, ಕೋಣೆಯ ಹೊರಗೆ ನಿಂತವರ ‘ಫಿಕ್ಸ್’ಗೆ ಎಷ್ಟು ಬೆಲೆ ಕೊಡಬೇಕೆಂದು ಓದುಗರೇ ಅಳೆಯಬಹುದು.

ಇನ್ನು ಉಳಿದದ್ದು, ಮುಖ ಬದಲಾದದ್ದನ್ನು ಚಿತ್ರ ಹೇಗೆ ನಿಭಾಯಿಸುತ್ತದೆ ಎಂಬ ಪ್ರಶ್ನೆ. ನೋಲನ್ ಅವರ ಬ್ಯಾಟ್‌ಮನ್ ಸರಣಿಯಲ್ಲೇ ಮೊದಲ ಚಿತ್ರದ ಕೇಟಿ ಹೋಮ್ಸ್ ಬದಲಿಗೆ 2008ರಲ್ಲಿ ಮ್ಯಾಗಿ ಜಿಲೆನ್‌ಹಾಲ್ ರೇಚಲ್ ಆದರು. ಯಾವ ವಿವರಣೆಯೂ ಇಲ್ಲದೆ ಮುಖ ಬದಲಾಯಿತು, ನಟನೆ ಚೆನ್ನಾಗಿದ್ದುದರಿಂದ ಪ್ರೇಕ್ಷಕರು ಹತ್ತು ನಿಮಿಷದಲ್ಲಿ ಒಪ್ಪಿಕೊಂಡರು. ನಮ್ಮ ಕಡೆಯ ಜಾಣ್ಮೆ ಬೇರೆ ರೀತಿಯದು, ಅದಕ್ಕೆ ಎರಡು ಉದಾಹರಣೆಗಳು ಕೋಲಾರ ಜಿಲ್ಲೆಯ ಮಣ್ಣಿನಿಂದಲೇ ಸಿಗುತ್ತವೆ. ಚಿನ್ನದ ಗಣಿಯ ಊರಿನ ಹೆಸರು ಹೊತ್ತ ‘ಕೆಜಿಎಫ್’ನ ಮೊದಲ ಭಾಗದಲ್ಲಿ ಕಥೆ ಹೇಳುವ ಆನಂದ್ ಇಂಗಳಗಿ ಆಗಿದ್ದವರು ಅನಂತ್ ನಾಗ್, 2022ರ ಎರಡನೆಯ ಭಾಗದಲ್ಲಿ ಅವರಿಲ್ಲದಿದ್ದಾಗ, ಅದೇ ಪಾತ್ರಕ್ಕೆ ಬೇರೆ ಮುಖ ಅಂಟಿಸದೆ, ಮಗ ವಿಜಯೇಂದ್ರ ಇಂಗಳಗಿಯನ್ನು ಸೃಷ್ಟಿಸಿ ಪ್ರಕಾಶ್ ರಾಜ್ ಅವರನ್ನು ಕೂರಿಸಲಾಯಿತು. ಇನ್ನೊಂದು ನೋವಿನ ಉದಾಹರಣೆ. ಮುಳಬಾಗಿಲು ತಾಲ್ಲೂಕಿನ ಮಗಳು ಸೌಂದರ್ಯ 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ನಂತರ, ಅವರು ಗಂಗಾ ಆಗಿ ನಟಿಸಿದ್ದ ‘ಆಪ್ತಮಿತ್ರ’ ಅದೇ ವರ್ಷ ಆಗಸ್ಟ್‌ನಲ್ಲಿ ತೆರೆಗೆ ಬಂತು. 2010ರಲ್ಲಿ ‘ಆಪ್ತರಕ್ಷಕ’ ಎಂಬ ಮುಂದುವರಿದ ಭಾಗ ಬಂದಾಗ ಗಂಗಾಳ ಪಾತ್ರಕ್ಕೆ ಬೇರೆ ನಟಿಯನ್ನು ತರಲಿಲ್ಲ. ನಾಗವಲ್ಲಿಯ ಆತ್ಮದ ಕಥೆಯನ್ನೇ ಹೊಸ ಕುಟುಂಬವೊಂದರ ಮನೆಗೆ ಸಾಗಿಸಲಾಯಿತು. ಸೌಂದರ್ಯ ಅವರ ಮುಖದ ಮೇಲೆ ಇನ್ನೊಂದು ಮುಖ ಇಟ್ಟಿದ್ದರೆ ಈ ಕಡೆಯ ಜನ ಒಪ್ಪುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

‘ಕಲ್ಕಿ’ಯಲ್ಲಿ ಮನೆ ಬದಲಿಸುವುದು ಕಷ್ಟ, ಏಕೆಂದರೆ ಸಾಗಿಸಬೇಕಾದದ್ದು ಆತ್ಮವಲ್ಲ, ಗರ್ಭ. ಆದರೆ ಅದಕ್ಕೂ ನಮ್ಮ ಪುರಾಣದಲ್ಲಿ ದಾರಿಯಿದೆ. ಹರಿಕಥೆ ಕೇಳಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ: ಕಂಸನ ಸೆರೆಯಲ್ಲಿದ್ದ ದೇವಕಿಯ ಏಳನೆಯ ಗರ್ಭವನ್ನು ಯೋಗಮಾಯೆ ಸೆಳೆದು ಗೋಕುಲದ ರೋಹಿಣಿಯ ಒಡಲಿನಲ್ಲಿ ಇರಿಸಿದಳು, ಹಾಗೆ ಸೆಳೆದು ತಂದದ್ದರಿಂದಲೇ ಬಲರಾಮನಿಗೆ ಸಂಕರ್ಷಣ ಎಂಬ ಹೆಸರು ಬಂತು. ಕೃತಕವಾಗಿ ಗರ್ಭ ಧರಿಸುವಂತೆ ಮಾಡುವ ಪ್ರಯೋಗಶಾಲೆ ಮೊದಲ ಭಾಗದಲ್ಲೇ ಇರುವಾಗ, ಪುರಾಣವನ್ನೂ ಯಂತ್ರಲೋಕವನ್ನೂ ಒಟ್ಟಿಗೆ ನೇಯುವ ಈ ನಿರ್ದೇಶಕರಿಗೆ ಯೋಗಮಾಯೆಯ ಕೆಲಸವನ್ನು ವಿಜ್ಞಾನದ ಕೈಯಲ್ಲಿ ಮಾಡಿಸುವುದು ಕಷ್ಟವಾಗಲಾರದು. ಕೃಷ್ಣನಿಗಂತೂ ಹೆತ್ತವಳೊಬ್ಬಳು, ಸಾಕಿದವಳೊಬ್ಬಳು. ಎರಡನೆಯ ತಾಯಿಯೊಬ್ಬಳನ್ನು ಕಥೆಗೆ ತಂದರೆ ದೀಪಿಕಾ ಅವರ ಮುಖವನ್ನು ಅಳಿಸುವ ಅಗತ್ಯವೇ ಬೀಳುವುದಿಲ್ಲ, ಹೊಸ ನಟಿಗೆ ಹೋಲಿಕೆಯ ಕಾಟವೂ ತಪ್ಪುತ್ತದೆ. ನಷ್ಟವೂ ಇದೆ: ಕಲ್ಕಿ ಪುರಾಣದಲ್ಲಿ ವಿಷ್ಣುಯಶನ ಹೆಂಡತಿ, ಕಲ್ಕಿಯ ತಾಯಿ ಸುಮತಿಯೇ. ಸಂಖ್ಯೆಯಾಗಿದ್ದವಳಿಗೆ ಆ ಹೆಸರು ದಕ್ಕಿಸಿಕೊಟ್ಟ ಮೊದಲ ಭಾಗದ ಶ್ರಮ, ಆಕೆ ನಡುವೆ ಮರೆಯಾದರೆ, ಅರ್ಧಕ್ಕೆ ನಿಂತಂತಾಗುತ್ತದೆ.

ಆದ್ದರಿಂದ ವೈಜಯಂತಿಯವರ ಪ್ರಕಟಣೆಯಲ್ಲಿ ನಾನು ಮೊದಲು ಹುಡುಕುವುದು ನಟಿಯ ಹೆಸರನ್ನಲ್ಲ, ಪಾತ್ರದ ಹೆಸರನ್ನು. ಅಲ್ಲಿ ಸುಮತಿ ಎಂದೇ ಇದ್ದರೆ ಅವರು ರೇಚಲ್‌ಳ ದಾರಿ ಹಿಡಿದಿದ್ದಾರೆ ಎಂದು ತಿಳಿಯಬೇಕು, ಆಗ ಹೊಸಬರ ಮೇಲೆ ಹೋಲಿಕೆಯ ಪೂರ್ತಿ ಭಾರ ಬೀಳುತ್ತದೆ. ಬೇರೆ ಯಾವುದಾದರೂ ಹೆಸರಿದ್ದರೆ ಅದು ರೋಹಿಣಿಯ ದಾರಿ. ಆಗ ಬಂದವರು ಅನುಷ್ಕಾ ಅವರಾಗಿರಲಿ, ಮುಳಬಾಗಿಲಿನಲ್ಲಿ ಇದುವರೆಗೆ ಯಾರೂ ಕೇಳಿರದ ಹುಡುಗಿಯಾಗಿರಲಿ, ತನ್ನ ಪಾತ್ರವನ್ನು ತಾನೇ ಮೊದಲಿನಿಂದ ಕಟ್ಟಿಕೊಳ್ಳುವ ಅವಕಾಶ ಆಕೆಗೆ ಸಿಕ್ಕಿರುತ್ತದೆ.